ಕಿವಿಗೆ ಬಿದ್ದ ಅರ್ಧ ಮಾತು

ಕಥೆ ಬರೆಯಬೇಕೆಂಬ ಹಂಬಲವುಳ್ಳ ವಿದ್ಯಾರ್ಥಿಗಳು ಲೇಖಕರನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆಯೊಂದುಂಟು: ‘ವಸ್ತುವನ್ನು ಎಲ್ಲಿಂದ ತರುತ್ತೀರಿ?’ ಇದಕ್ಕೆ ಬರುವ ಉತ್ತರವೂ ಬಹುಮಟ್ಟಿಗೆ ಒಂದೇ: ‘ಬೀದಿಗೆ ಹೋಗಿ ಜನರ ಮಾತನ್ನು ಕೇಳಿರಿ.’ ಉತ್ತರವೇನೋ ಸರಿಯೇ. ಆದರೆ ಗದ್ದಲದ ನಡುವೆ ಒಬ್ಬರ ಮಾತು ಮತ್ತೊಬ್ಬರ ಕಿವಿಗೆ ಹೇಗೆ ಬೀಳುತ್ತದೆ, ಬಿದ್ದುದರಲ್ಲಿ ಎಷ್ಟು ಉಳಿಯುತ್ತದೆ, ಉಳಿದುದು ಕೇಳಿದ ಮಾತೇ ಅಥವಾ ನಾವೇ ಕಟ್ಟಿಕೊಂಡ ಮಾತೇ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಇದು ವಿಜ್ಞಾನವು ಪರೀಕ್ಷಿಸಿ ನೋಡಿರುವ ವಿಷಯ.

ಇಂಥ ಕೇಳುವಿಕೆಗೆ ಬೆಂಗಳೂರಿನ ದಕ್ಷಿಣ ಭಾಗಕ್ಕಿಂತ ಅನುಕೂಲವಾದ ಸ್ಥಳವನ್ನು ನಾವು ಕಾಣೆವು. 1948ರಲ್ಲಿ ಆರಂಭವಾದ ಜಯನಗರದಲ್ಲಿ ಈಗ ಮೂರು ನಾಲ್ಕು ತಲೆಮಾರುಗಳು ನೆಲೆಸಿವೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹೆಸರುಗಳ ಮೊದಲಕ್ಷರಗಳಿಂದಾದ ಬಿ.ಟಿ.ಎಂ. ಬಡಾವಣೆಯಲ್ಲಾದರೋ ನಿನ್ನೆ ಮೊನ್ನೆ ಊರಿಗೆ ಬಂದಿಳಿದವರೇ ಹೆಚ್ಚು. ಜಯನಗರದ ನಾಲ್ಕನೆಯ ಬ್ಲಾಕಿನ ಅಂಗಡಿ ಸಾಲಿನಲ್ಲಿ ಹತ್ತು ನಿಮಿಷ ನಿಂತರೆ ಕನ್ನಡ, ತಮಿಳು, ತೆಲುಗು, ದಖನಿ ಮಾತುಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಸೊಪ್ಪಿನ ಬೆಲೆಯ ಚೌಕಾಸಿಯ ನಡುವೆ ಯಾರದೋ ಮದುವೆ ಮುರಿದ ಸುದ್ದಿ ಹಾದುಹೋಗುತ್ತದೆ.

ಮೊದಲು ಶಬ್ದದ ಮಾತು. ಸಾಮಾನ್ಯ ಸಂಭಾಷಣೆಯ ಮಟ್ಟ ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ಅದು 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಆದುದರಿಂದ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತ ಇಬ್ಬರ ಮಾತು ನಾಲ್ಕು ಹೆಜ್ಜೆಯಾಚೆ ಗುಸುಗುಸು ಮಾತ್ರ. ಕಿಕ್ಕಿರಿದ ಬಸ್ಸಿನಲ್ಲಿ ಮಾತು ಇನ್ನೂ ಅಡಗಿಹೋಗಬೇಕಷ್ಟೆ? ಹಾಗಾಗುವುದಿಲ್ಲ. ಸುತ್ತ ಗದ್ದಲವಿದ್ದಾಗ ಮನುಷ್ಯನು ತನಗರಿಯದೆಯೇ ದನಿಯೇರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಪ್ರಕಟಿಸಿದನು; ಈ ಗುಣಕ್ಕೆ ಅವನ ಹೆಸರೇ ನಿಂತಿದೆ. ಬನಶಂಕರಿಯ ಕಡೆಗೆ ಹೊರಟ ಬಸ್ಸು ಕೆಂಪು ದೀಪಕ್ಕೆ ನಿಂತು ಎಂಜಿನ್ನಿನ ಮೊರೆತ ಒಮ್ಮೆಲೇ ತಗ್ಗಿತೆನ್ನಿ. ಮಾತನಾಡುತ್ತಿದ್ದವರ ದನಿ ಆ ಕ್ಷಣಕ್ಕೆ ತಗ್ಗಿರುವುದಿಲ್ಲ. ಅವರ ಮನೆಯ ಗುಟ್ಟಿನ ವಾಕ್ಯವೊಂದು ಇಡೀ ಬಸ್ಸಿಗೆ ಸ್ಪಷ್ಟವಾಗಿ ಕೇಳಿಸಿಬಿಡುತ್ತದೆ. (ಸದ್ದಿಲ್ಲದ ವಿದ್ಯುತ್ ಬಸ್ಸುಗಳು ಹೆಚ್ಚಿದಂತೆ ಕಥೆಗಾರರಿಗೆ ಈ ಸೌಕರ್ಯ ತಪ್ಪಿಹೋದೀತು!)

ಕಿವಿಗೆ ಬಿದ್ದುದೆಲ್ಲ ಮನಸ್ಸಿಗೆ ಮುಟ್ಟುವುದೂ ಇಲ್ಲ. 1953ರಲ್ಲಿ ಲಂಡನ್ನಿನ ಕಾಲಿನ್ ಚೆರ್ರಿ ಎಂಬ ವಿಜ್ಞಾನಿ, ಒಬ್ಬನೇ ಶ್ರೋತೃವಿನ ಎರಡು ಕಿವಿಗಳಿಗೆ ಎರಡು ಬೇರೆ ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಕೂಡಲೆ ಗಟ್ಟಿಯಾಗಿ ಹೇಳುತ್ತ ಹೋಗೆಂದನು. ಇನ್ನೊಂದು ಕಿವಿಯ ಮಾತು ನಡುವೆ ಇಂಗ್ಲಿಷಿನಿಂದ ಜರ್ಮನ್ ಭಾಷೆಗೆ ಬದಲಾದರೂ ಕೇಳುಗರಿಗೆ ಅದರ ಅರಿವಾಗಲಿಲ್ಲ. ಆದರೆ ಆ ಅಲಕ್ಷಿತ ಕಿವಿಯಲ್ಲಿ ಕೇಳುಗನ ಹೆಸರನ್ನೇ ಉಚ್ಚರಿಸಿದಾಗ ಸುಮಾರು ಮೂರರಲ್ಲಿ ಒಬ್ಬರು ಅದನ್ನು ಗುರುತಿಸಿದರೆಂದು 1959ರಲ್ಲಿ ನೆವಿಲ್ ಮೊರೆ ತೋರಿಸಿದನು. ಮನಸ್ಸಿನ ಬಾಗಿಲಲ್ಲಿ ಕಾವಲಿದೆ. ಆದರೆ ತನಗೆ ಸಂಬಂಧಿಸಿದುದನ್ನು ಕಾವಲುಗಾರನು ಆಗೀಗ ಒಳಗೆ ಬಿಡುತ್ತಾನೆ. ಮನೆಯಲ್ಲಿ ಕಾಯಿಲೆಯಿದ್ದವನಿಗೆ ಬಸ್ಸಿನಲ್ಲಿ ಆಸ್ಪತ್ರೆಯ ಮಾತುಗಳೇ ಕೇಳಿಸುತ್ತವೆ. ಇಬ್ಬರು ಕಥೆಗಾರರು ಒಂದೇ ಬೆಂಚಿನಲ್ಲಿ ಕುಳಿತು ಬೇರೆ ಬೇರೆ ಕಥೆಗಳೊಡನೆ ಏಳುವುದು ಇದರಿಂದಲೇ ಎಂದು ನಮ್ಮ ಎಣಿಕೆ.

ಮೊಬೈಲ್ ದೂರವಾಣಿ ಬಂದ ಮೇಲೆ ಇನ್ನೊಂದು ವಿಚಿತ್ರ ಸೇರಿಕೊಂಡಿದೆ. ಪಕ್ಕದವರು ದೂರವಾಣಿಯಲ್ಲಿ ಮಾತಾಡುವಾಗ ನಮಗೆ ಕೇಳುವುದು ಅರ್ಧ ಸಂಭಾಷಣೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಲಾರೆನ್ ಎಂಬರ್ಸನ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದಂತೆ, ಇಬ್ಬರ ಪೂರ್ಣ ಸಂಭಾಷಣೆಗಿಂತ ಈ ಅರ್ಧ ಸಂಭಾಷಣೆಯೇ ಕೇಳುವವನ ಗಮನವನ್ನು ಹೆಚ್ಚು ಕೆಡಿಸುತ್ತದೆ. ಮುಂದಿನ ಮಾತು ಏನಿದ್ದೀತೆಂದು ಮನಸ್ಸು ಸದಾ ಊಹಿಸುತ್ತಿರುತ್ತದೆ; ಅರ್ಧವೇ ಕಾಣೆಯಾದಾಗ ಊಹೆಗೆ ಬಿಡುವೇ ಇಲ್ಲ. ಕಥೆಗಾರನಿಗೆ ಬೇಕಾದ ಕೆಲಸವನ್ನು ಮಿದುಳು ಆಗಲೇ ಆರಂಭಿಸಿರುತ್ತದೆ.

ಇಲ್ಲಿಗೆ ಬಂದಾಗ ಅಪಾಯವೂ ಎದುರಾಗುತ್ತದೆ. ಒಂದು ಕಲ್ಪಿತ ಉದಾಹರಣೆಯನ್ನು ಕೊಡುತ್ತೇವೆ. ಜಯನಗರದ ಮೆಟ್ರೊ ನಿಲ್ದಾಣದಲ್ಲಿ ಒಬ್ಬ ಮಹಿಳೆ ದೂರವಾಣಿಯಲ್ಲಿ ಹೀಗೆನ್ನುತ್ತಾಳೆ: ‘ಬೀಗದ ಕೈ ಅವನ ಹತ್ರಾನೇ ಇರ್ಲಿ ಬಿಡಮ್ಮ, ನಾವು ಬಾಗಿಲನ್ನೇ ಬದಲಾಯಿಸಿದೀವಲ್ಲ.’ ಸಂಜೆ ಮನೆಗೆ ಹೋಗಿ ನೆನೆದು ಬರೆದರೆ ಏನಾಗುತ್ತದೆ? ‘ಯಾರನ್ನೋ ಮನೆಗೆ ಸೇರಿಸುವುದಿಲ್ಲವಂತೆ’ ಎಂದಾಗುತ್ತದೆ. ತಾತ್ಪರ್ಯ ತಪ್ಪಿಲ್ಲ, ಆದರೆ ಕಥೆ ಸತ್ತಿತು. ಬೀಗದ ಕೈಯನ್ನು ಅವನಲ್ಲೇ ಉಳಿಸಿ ಬಾಗಿಲನ್ನು ಬದಲಿಸಿದ ಕ್ರೌರ್ಯವೋ ಕರುಣೆಯೋ, ಅದಿದ್ದುದು ಆ ಪದಗಳಲ್ಲಿ.

ಆ ‘ಅವನ’ ಎಂಬ ಪದವನ್ನೇ ನೋಡಿರಿ. ನಮ್ಮ ಕಡೆ ಹಿಂದಿನ ತಲೆಮಾರಿನ ಹೆಂಗಸು ಗಂಡನನ್ನು ‘ಅವರು’, ‘ಇವರು’ ಎನ್ನುತ್ತಿದ್ದಳೇ ಹೊರತು ‘ಅವನು’ ಎನ್ನುತ್ತಿರಲಿಲ್ಲ. ಅರುವತ್ತರ ಹರೆಯದವಳ ಬಾಯಲ್ಲಿ ‘ಅವನು’ ಎಂದರೆ ಮಗನಿರಬೇಕು, ತಮ್ಮನಿರಬೇಕು, ಇಲ್ಲವೆ ಗೌರವ ಕಳೆದುಕೊಂಡ ಗಂಡನಿರಬೇಕು. ಇಪ್ಪತ್ತೈದರವಳಾದರೆ ಅದು ಬರಿಯ ಸಲುಗೆ. ‘ಬಿಡಮ್ಮ’ ಎಂಬುದೂ ಅಷ್ಟೆ: ಮಗಳು ತಾಯಿಗೆ ಹೇಳಬಹುದು, ತಾಯಿ ಮಗಳಿಗೂ ಹೇಳಬಹುದು. ಕನ್ನಡದಲ್ಲಿ ಒಂದು ಪ್ರತ್ಯಯ ಇಡೀ ಮನೆಯ ನಕ್ಷೆಯನ್ನು ಹೇಳಬಲ್ಲುದು. ಸಾರಾಂಶ ಬರೆದುಕೊಂಡವನಿಗೆ ಅದು ದಕ್ಕುವುದಿಲ್ಲ.

ದುರದೃಷ್ಟವಶಾತ್, ನೆನಪು ಮೊದಲು ಎಸೆಯುವುದು ಈ ಪದಗಳನ್ನೇ. 1967ರಲ್ಲಿ ಜಾಕ್ವೆಲಿನ್ ಸ್ಯಾಕ್ಸ್ ಎಂಬ ವಿದುಷಿ ಧ್ವನಿಮುದ್ರಿತ ಗದ್ಯಭಾಗಗಳನ್ನು ಕೇಳಿಸಿ, ನಡುವಿನ ಒಂದು ವಾಕ್ಯವನ್ನು ತುಸು ಬದಲಿಸಿ ‘ನೀವು ಕೇಳಿದ್ದು ಇದೇಯೋ?’ ಎಂದು ವಿಚಾರಿಸಿದಳು. ಕೇಳಿದೊಡನೆ ಪ್ರಶ್ನಿಸಿದಾಗ ಎಲ್ಲ ಬದಲಾವಣೆಯೂ ಗೊತ್ತಾಗುತ್ತಿತ್ತು. ನಡುವೆ 80 ಉಚ್ಚಾರಾಂಶಗಳು, ಅಂದರೆ ಅರ್ಧ ನಿಮಿಷಕ್ಕೂ ಕಡಮೆ ಮಾತು, ಹಾದುಹೋದ ಮೇಲೆ ಅರ್ಥ ಬದಲಾದರೆ ಮಾತ್ರ ಗೊತ್ತಾಗುತ್ತಿತ್ತು. ವಾಕ್ಯದ ರೂಪ ಬದಲಾದರೆ ಉತ್ತರವು ಬಹುಮಟ್ಟಿಗೆ ಊಹೆಯಾಗಿಬಿಡುತ್ತಿತ್ತು. ಎಂದರೆ, ಜಯನಗರದಲ್ಲಿ ಕೇಳಿದ ವಾಕ್ಯವು ಮುಂದಿನ ನಿಲ್ದಾಣವಾದ ರಾಷ್ಟ್ರೀಯ ವಿದ್ಯಾಲಯ ರಸ್ತೆ ಬರುವ ಮೊದಲೇ ರೂಪಗೆಟ್ಟಿರುತ್ತದೆ! ಇದಕ್ಕೂ ಮುಂಚೆ, 1932ರಲ್ಲಿ, ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷರಿಗೆ ಓದಲು ಕೊಟ್ಟು ಆಮೇಲೆ ಹೇಳಿಸಿದ್ದನು. ಸೀಲ್ ಪ್ರಾಣಿಯ ಬೇಟೆ ಮೀನು ಹಿಡಿಯುವುದಾಯಿತು. ಅಪರಿಚಿತವಾದುದು ಪರಿಚಿತವಾದುದಕ್ಕೆ ಹೊಂದಿಕೊಂಡಿತು. ನೆನಪು ವಿಚಿತ್ರವನ್ನು ಸಾಮಾನ್ಯಗೊಳಿಸುತ್ತದೆ. ಕಥೆಗೆ ಬೇಕಾದುದೋ ಆ ವಿಚಿತ್ರವೇ.

ಆದುದರಿಂದ ಕೈಯಲ್ಲೊಂದು ಚಿಕ್ಕ ಪುಸ್ತಕವಿರಬೇಕು. ಕೇಳಿದ ಪದಗಳು ಒಂದು ಪುಟದಲ್ಲಿ. ಊಹಿಸಿದುದು ಎದುರು ಪುಟದಲ್ಲಿ. ಎರಡನ್ನೂ ಬೆರೆಸಬಾರದು.

ನಮ್ಮ ನಾಡಿನಲ್ಲಿ ಈ ಕಿವಿಯ ಶಿಸ್ತನ್ನು ಮೆರೆದವರು ಟಿ. ಪಿ. ಕೈಲಾಸಂ (1884–1946). ಅವರು ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಓದಿ ಬಂದವರೆಂಬುದು ನಮ್ಮ ವಿದ್ಯಾರ್ಥಿ ವಾಚಕರಿಗೆ ಸಂತೋಷದ ಸಂಗತಿ. ಮನೆಯ ಜಗಲಿಯಲ್ಲೂ ಅಡುಗೆಮನೆಯಲ್ಲೂ ಜನ ಆಡುತ್ತಿದ್ದ, ಇಂಗ್ಲಿಷು ಬೆರೆತ ಕನ್ನಡವನ್ನು ತಿದ್ದದೆ ರಂಗಕ್ಕೆ ತಂದರು; ಬಂಡೆಯ ಚೂರನ್ನು ನಯಗೊಳಿಸದೆ ಎತ್ತಿಡುವ ಭೂವಿಜ್ಞಾನಿಯ ಅಭ್ಯಾಸವೇ ಅದೆಂದು ನಮಗೆ ತೋರುತ್ತದೆ.

ಇನ್ನು, ಕೇಳಿದವರ ಬಾಳನ್ನು ಬರೆಯುವುದಕ್ಕೆ ನಮಗೇನು ಅಧಿಕಾರ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ದಾವೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಸಾರ್ವಜನಿಕ ಸ್ಥಳದಲ್ಲಿ ಇದ್ದ ಮಾತ್ರಕ್ಕೆ ಮನುಷ್ಯನು ಖಾಸಗಿತನವನ್ನು ಕಳೆದುಕೊಳ್ಳುವುದಿಲ್ಲವೆಂಬ ವಿಚಾರವೂ ಅದರಲ್ಲಿದೆ. ಪಕ್ಕದವರ ಮಾತನ್ನು ಗುಟ್ಟಾಗಿ ಧ್ವನಿಮುದ್ರಿಸುವುದು, ಚಿತ್ರ ತೆಗೆದು ಹಂಚುವುದು ಕಥೆಗಾರನ ಕೆಲಸವಲ್ಲ. ಅದು ಬರಿಯ ಚಾಡಿ. ಮಾತು ಉಳಿಯಲಿ, ಮಾತಾಡಿದವಳು ಯಾರೆಂಬುದು ಅಳಿಯಲಿ: ಅವಳ ವಯಸ್ಸು, ವೃತ್ತಿ, ಬಡಾವಣೆ ಎಲ್ಲವನ್ನೂ ಬದಲಿಸಬಹುದು.

ಬದಲಿಸಿದರೆ ಸತ್ಯ ಕೆಡುತ್ತದೆಂಬ ಆಕ್ಷೇಪಕ್ಕೆ ಆರ್. ಕೆ. ನಾರಾಯಣರ ‘ದಿ ಗೈಡ್’ (1958) ಒಳ್ಳೆಯ ಉತ್ತರ. ಮೈಸೂರಿನಲ್ಲಿ ಬರ ಬಂದಾಗ ಕಾವೇರಿಯ ಪಾತ್ರದಲ್ಲಿ ಮೊಣಕಾಲು ನೀರಲ್ಲಿ ನಿಂತು ಹಲವು ದಿನ ಉಪವಾಸವಿದ್ದು ಮಳೆಗಾಗಿ ಜಪಿಸಿದ ಬ್ರಾಹ್ಮಣರ ಸಂಗತಿ ಅದಕ್ಕೆ ನೆಲೆಯಾಯಿತೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕಾದಂಬರಿಯಲ್ಲಾದರೋ ಆ ಬ್ರಾಹ್ಮಣರು ಯಾರೂ ಇಲ್ಲ; ನೀರಿಗಿಳಿದವನು ಸೆರೆಮನೆಯಿಂದ ಹೊರಬಂದ ರಾಜು. ಉಳಿದುದು ಬತ್ತಿದ ಹೊಳೆ, ಉಪವಾಸ, ನೋಡಲು ನೆರೆದ ಜನ.

ಯಾರ ಗುಟ್ಟಿಗೂ ಕಿವಿಗೊಡದೆ ಈ ವಿದ್ಯೆಯನ್ನು ಅಭ್ಯಾಸ ಮಾಡಬೇಕೆನ್ನುವವರಿಗೆ ಒಂದು ಪ್ರಯೋಗವುಂಟು. ಜೆ. ಪಿ. ನಗರದಲ್ಲಿ 2004ರಿಂದ ನಡೆಯುತ್ತಿರುವ ರಂಗಶಂಕರದಲ್ಲಾಗಲಿ ಕಾಲೇಜಿನ ರಂಗದಲ್ಲಾಗಲಿ, ಅಚ್ಚಾಗಿರುವ ಕನ್ನಡ ನಾಟಕವೊಂದನ್ನು ಇಬ್ಬರು ಗೆಳೆಯರು ಒಟ್ಟಿಗೆ ನೋಡಿರಿ. ಮನಸ್ಸಿಗೆ ಹಿಡಿದ ಐದು ಮಾತುಗಳನ್ನು ಮುಂಚೆಯೇ ಬೆರಳೆಣಿಸಿಕೊಂಡು, ಒಬ್ಬನು ಪರದೆ ಬಿದ್ದೊಡನೆ ಬರೆಯಲಿ. ಇನ್ನೊಬ್ಬನು ಮರುದಿನ ಬೆಳಗ್ಗೆ ಬರೆಯಲಿ. ಬಳಿಕ ಎರಡನ್ನೂ ಅಚ್ಚಿನ ಪ್ರತಿಯ ಪಕ್ಕದಲ್ಲಿಟ್ಟು ಪದಪದವಾಗಿ ಹೋಲಿಸಿ, ತಪ್ಪಿದ ಪದಗಳ ಕೆಳಗೆ ಗೆರೆಯೆಳೆಯಿರಿ. ‘ಅಲ್ವೇ’, ‘ಕಣೇ’, ‘ಬಿಡಮ್ಮ’ಗಳು ಎಷ್ಟು ಉಳಿದಿವೆಯೆಂದು ಮೊದಲು ಎಣಿಸಿರಿ.