ಎಂಜಿನ್ ಕವರಿನ ಹೊಳಪು ಎಲ್ಲಿಗೂ ಹೋಗಿರುವುದಿಲ್ಲ

1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಕಾಣಸಿಗುತ್ತವೆ. ಹೊಸದರಲ್ಲಿ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದ ಅವುಗಳ ಅಲ್ಯೂಮಿನಿಯಂ ಎಂಜಿನ್ ಕವರುಗಳು ಎಷ್ಟೋ ಕಡೆ ಈಗ ಮಂಕಾಗಿವೆ. ಶೂ ಉಜ್ಜಿದ ಗೀರು, ಸ್ಕ್ರೂಗಳ ಸುತ್ತ ಬಿಳಿ ಪುಡಿ, ಕೈಯಾಡಿಸಿದರೆ ತರಿತರಿ. ಇಂಥ ಕವರನ್ನು ಗುಜರಿಗೆ ಹಾಕುವ ಮೊದಲು ಅದಕ್ಕೆ ಏನಾಗಿದೆ ಎಂದು ತಿಳಿದುಕೊಳ್ಳೋಣ.

ಅಲ್ಯೂಮಿನಿಯಂ ಗಾಳಿ ತಾಕಿದೊಡನೆ ಆಮ್ಲಜನಕದ ಜೊತೆ ಸೇರಿ ಮೈಮೇಲೆ ಪೊರೆ ಕಟ್ಟಿಕೊಳ್ಳುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್, ಅಂದರೆ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಆದರೆ ಬಲು ಗಟ್ಟಿ. ಮಾಣಿಕ್ಯವೂ ಮೂಲತಃ ಇದೇ ಅಲ್ಯೂಮಿನಿಯಂ ಆಕ್ಸೈಡು. ಕಬ್ಬಿಣದ ತುಕ್ಕು ಹಕ್ಕಳೆಯೆದ್ದು ಉದುರುತ್ತದೆ, ಈ ಪೊರೆ ಲೋಹಕ್ಕೆ ಕಚ್ಚಿಕೊಂಡು ಕಾಯುತ್ತದೆ. ಗೀರು ಬಿದ್ದರೂ ಅಲ್ಲೇ ಮತ್ತೆ ಕಟ್ಟಿಕೊಳ್ಳುತ್ತದೆ.

ಇದರ ಶತ್ರು ಉಪ್ಪು. ಕಾರವಾರ, ಉಡುಪಿ, ಮಂಗಳೂರಿನ ಕಡಲಗಾಳಿಯಲ್ಲಿ ತೇಲಿಬರುವ ಕ್ಲೋರೈಡ್ ಅಯಾನುಗಳು ಪೊರೆ ದುರ್ಬಲವಾಗಿರುವ ಕಡೆ ಸಣ್ಣ ಕುಳಿ ಕೊರೆಯುತ್ತವೆ. ಕುಳಿಯೊಳಗೆ ಲೋಹ ಕರಗುತ್ತದೆ, ಮೇಲೆ ಬಿಳಿ ಪುಡಿ ಹೂವಿನಂತೆ ಅರಳುತ್ತದೆ. ಉಕ್ಕಿನ ಸ್ಕ್ರೂ ಅಲ್ಯೂಮಿನಿಯಂಗೆ ತಾಗುವಲ್ಲಿ ಉಪ್ಪುನೀರು ನಿಂತರೆ ಪುಟ್ಟ ಬ್ಯಾಟರಿಯೇ ಸಿದ್ಧವಾಗಿ, ಅಲ್ಯೂಮಿನಿಯಂ ಸವೆಯುತ್ತದೆ. ಸ್ಕ್ರೂ ಸುತ್ತಲೇ ಹೆಚ್ಚು ಹಾಳಾಗಿರುವುದು ಇದಕ್ಕೇ.

ದುರಸ್ತಿ ಮನೆಯಲ್ಲೇ ಸಾಧ್ಯ, ತಾಳ್ಮೆ ಬೇಕು. ಗೇರ್‌ಬಾಕ್ಸ್ ಆಯಿಲ್ ಇಳಿಸಿ ಕವರು ಬಿಚ್ಚಿ. ಬಿಗಿದುಕೊಂಡ ಸ್ಕ್ರೂಗಳಿಗೆ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಒಳ್ಳೆಯದು. ಸೀಮೆಎಣ್ಣೆಯಲ್ಲಿ ಜಿಡ್ಡು ತೆಗೆದು, ಸೋಪಿನ ನೀರಿನಲ್ಲಿ ತೊಳೆಯಿರಿ. ಹಳೆಯ ಲ್ಯಾಕರ್ ಇದ್ದರೆ ಪೇಂಟ್ ರಿಮೂವರ್‌ನಿಂದ ತೆಗೆಯಿರಿ. ಆಮೇಲೆ ವಾಟರ್ ಪೇಪರ್: 220, 400, 800, 1500, 2000, ಹೀಗೆ ಒಂದಾದ ಮೇಲೊಂದು, ಸದಾ ನೀರು ಹಾಕುತ್ತಾ. ಒಂದು ಕಾಗದವನ್ನು ಅಡ್ಡಡ್ಡ ಉಜ್ಜಿದರೆ ಮುಂದಿನದನ್ನು ಉದ್ದುದ್ದ ಉಜ್ಜಿ. ಹಿಂದಿನ ಅಡ್ಡಗೆರೆ ಒಂದೂ ಉಳಿಯದಿದ್ದಾಗ ಮಾತ್ರ ಮುಂದಿನ ನಂಬರಿಗೆ ಹೋಗಿ. ಇಲ್ಲಿ ಅವಸರಪಟ್ಟರೆ ಉಳಿದ ಗೀರು ಕೊನೆಯ ಪಾಲಿಶ್‌ನಲ್ಲಿ ಎದ್ದು ಕಾಣುತ್ತದೆ.

2000 ನಂಬರಿನ ಕಾಗದ ಮುಗಿದರೂ ಕವರು ಕನ್ನಡಿಯಾಗುವುದಿಲ್ಲ, ಹಾಲಿನಂಥ ಮಬ್ಬು ಉಳಿದಿರುತ್ತದೆ. ಕಾರಣ ಬೆಳಕಿನಲ್ಲಿದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 400ರಿಂದ 700 ನ್ಯಾನೋಮೀಟರ್, ಒಂದು ಮೈಕ್ರಾನಿಗೂ ಕಡಿಮೆ. 2000 ನಂಬರಿನ ಕಾಗದದ ಹರಳುಗಳೇ ಸುಮಾರು 10 ಮೈಕ್ರಾನ್. ಅವು ಬಿಟ್ಟ ಗೆರೆಗಳಿಗೆ ತಾಗಿದ ಬೆಳಕು ದಿಕ್ಕುದಿಕ್ಕಿಗೆ ಚೆದರುತ್ತದೆ. ಉಬ್ಬುತಗ್ಗುಗಳು ತರಂಗಾಂತರಕ್ಕಿಂತ ಬಹಳ ಚಿಕ್ಕವಾದಾಗಲೇ ಬೆಳಕು ಒಂದೇ ದಿಕ್ಕಿಗೆ ಹಿಂದಿರುಗುತ್ತದೆ. ಆ ಕೆಲಸ ಮೆಟಲ್ ಪಾಲಿಶ್‌ನ ನುಣುಪು ಪುಡಿಯದು. ಬಟ್ಟೆಗೆ ಪಾಲಿಶ್ ಹಚ್ಚಿ ಉಜ್ಜಿದಂತೆ ಬಟ್ಟೆ ಕಪ್ಪಗಾಗುತ್ತದೆ, ಮಬ್ಬು ತೆಳುವಾಗುತ್ತದೆ, ನಿಮ್ಮ ಬೆರಳಿನ ನೆರಳು ಬಿಂಬವಾಗಿ ಮೂಡುತ್ತದೆ. ನೀವು ಹೊಳಪು ಬಳಿಯಲಿಲ್ಲ, ಅದಕ್ಕೆ ಅಡ್ಡವಾಗಿದ್ದುದನ್ನು ತೆಗೆದಿರಿ.

ಕೆಲವು ಎಚ್ಚರಿಕೆ ಮರೆಯಬೇಡಿ. ಕಾಸ್ಟಿಕ್ ಸೋಡಾ ಬೇಡವೇ ಬೇಡ. ಅದು ಅಲ್ಯೂಮಿನಿಯಂ ತಿಂದು, ಬೆಂಕಿ ಹತ್ತುವ ಹೈಡ್ರೋಜನ್ ಬಿಡುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ಡೂ ಬೇಡ, ಅದರಲ್ಲಿರುವುದು ಅದೇ ಕ್ಲೋರೈಡು. ಒಣಗಿದ ಅಲ್ಯೂಮಿನಿಯಂ ಧೂಳು ಶ್ವಾಸಕ್ಕೂ ಕೆಟ್ಟದ್ದು, ಕಿಡಿ ತಾಗಿದರೆ ಉರಿಯುವಂಥದ್ದು. ಆದ್ದರಿಂದ ಒದ್ದೆ ಮಾಡಿಯೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆಳವಾದ ಕುಳಿಯ ಬೆನ್ನು ಹತ್ತಿ ಕವರನ್ನು ತೆಳ್ಳಗೆ ಮಾಡಬೇಡಿ. ಅಂಥದ್ದಕ್ಕೆ ಎಚ್ (etch) ಪ್ರೈಮರ್ ಬಳಿದು, ಶಾಖ ತಡೆಯುವ ಬೆಳ್ಳಿ ಬಣ್ಣ ಹೊಡೆಯುವುದೇ ಸರಿ.

ಕೊನೆಗೆ ಚೆನ್ನಾಗಿ ತೊಳೆದು ಒಣಗಿಸಿ, ಮೇಣದ ಪಾಲಿಶ್ ತೆಳ್ಳಗೆ ಹಚ್ಚಿ, ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿ, ಆಯಿಲ್ ತುಂಬಿ. ಮಳೆಗಾಲದಲ್ಲಿ, ಕಡಲತೀರಕ್ಕೆ ಹೋಗಿಬಂದ ದಿನ ಸಿಹಿನೀರಿನಿಂದ ತೊಳೆದು ಒರೆಸಿದರೆ ಸಾಕು. ಉಪ್ಪನ್ನು ನಾವು ದೂರ ಇಟ್ಟರೆ ಉಳಿದ ಕಾವಲನ್ನು ಅಲ್ಯೂಮಿನಿಯಂ ತಾನೇ ನೋಡಿಕೊಳ್ಳುತ್ತದೆ.