ಪ್ರೊಪೆಲರ್ ಮೇಲೆ ಅಲ್ಯೂಮಿನಿಯಂ ರೇಕು

ಮರದ ಪ್ರೊಪೆಲರ್ ಕೆಡೋಕೆ ಮಳೆಯೇ ಸುರೀಬೇಕಿಲ್ಲ, ಗಾಳಿಯಲ್ಲಿರೋ ತೇವವೇ ಸಾಕು. ಒಂದು ಅಲಗು ಇನ್ನೊಂದಕ್ಕಿಂತ ಚೂರು ಜಾಸ್ತಿ ನೀರು ಕುಡಿದ್ರೆ ತೂಕ ತಪ್ಪುತ್ತೆ, ಇಡೀ ವಿಮಾನ ನಡುಗುತ್ತೆ. ಅದಕ್ಕೇ ಪ್ರೊಪೆಲರನ್ನ ನೆಟ್ಟಗೆ ನಿಲ್ಲಿಸಿಡ್ತಿರಲಿಲ್ಲ. ಹಾಗೆ ನಿಲ್ಲಿಸಿದ್ರೆ ತೇವ ಕೆಳಗಿನ ಅಲಗಿಗೆ ಇಳಿದುಬಿಡುತ್ತೆ.

1903ರಲ್ಲಿ ರೈಟ್ ಸಹೋದರರು ಸ್ಪ್ರೂಸ್ ಮರದ ಪದರಗಳನ್ನ ಅಂಟಿಸಿ, ಸುಮಾರು 8.5 ಅಡಿಯ ಪ್ರೊಪೆಲರ್ ಕೆತ್ತಿದ್ರು. ತುದಿ ಸೀಳದಿರಲಿ ಅಂತ ಬಟ್ಟೆ ಅಂಟಿಸಿ, ಅಲ್ಯೂಮಿನಿಯಂ ಬಣ್ಣ ಬಳಿದ್ರು.

ವಾರ್ನಿಷ್? ನೋಡೋಕೆ ಮಿರಮಿರ ಮಿಂಚುತ್ತೆ ನಿಜ. ಆದ್ರೆ ತೇವವನ್ನ ತಡ ಮಾಡುತ್ತೆ ಅಷ್ಟೇ, ಪೂರ್ತಿ ತಡೆಯಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಮ್ಯಾಡಿಸನ್ನಿನ ಅರಣ್ಯ ಉತ್ಪನ್ನ ಪ್ರಯೋಗಾಲಯ ಒಂದು ಉಪಾಯ ಮಾಡಿತು. ಅಲಗಿಗೆ ವಾರ್ನಿಷ್ ಹಚ್ಚೋದು. ಅದಿನ್ನೂ ಅಂಟಂಟಾಗಿರುವಾಗಲೇ, ದೇವರ ಮೂರ್ತಿಗೆ ಚಿನ್ನದ ರೇಕು ಕೂರಿಸೋ ಹಾಗೆ, ತೆಳ್ಳನೆ ಅಲ್ಯೂಮಿನಿಯಂ ರೇಕು ಕೂರಿಸೋದು. ಅದರ ಮೇಲೆ ಮತ್ತೆ ಲೇಪ. ಲೋಹ ದಾಟಿ ತೇವ ಒಳಗೆ ಹೋಗೋದು ಕಷ್ಟ. ಕೈಕೆಲಸ ಜಾಸ್ತಿ, ಆದ್ರೆ ನನ್ನ ಕೇಳಿದ್ರೆ ಎಲ್ಲದಕ್ಕಿಂತ ಜಾಣ ಉಪಾಯ ಇದೇ.

ಇನ್ನು ಮಳೆಹನಿ, ಕಲ್ಲುಚೂರಿನ ಹೊಡೆತಕ್ಕೆ ಅಂಚಿಗೆ ಹಿತ್ತಾಳೆ ತಗಡು. ಅದರ ತುದಿ ನೋಡಿ, ಸಣ್ಣ ಸಣ್ಣ ತೂತು! ತಗಡಿನೊಳಗೆ ಸೇರಿದ ನೀರು, ಪ್ರೊಪೆಲರ್ ತಿರುಗುವ ರಭಸಕ್ಕೆ ಅಲ್ಲಿಂದಲೇ ಹೊರಕ್ಕೆ ಚಿಮ್ಮುತ್ತೆ.