ಸಣ್ಣ ಪೆಟ್ರೋಲ್ ಎಂಜಿನ್: ಚಾಲೂ ಮಾಡಲೂ ಕ್ರಮವಿದೆ, ನಿಲ್ಲಿಸಲೂ ಕ್ರಮವಿದೆ

ಪಡೀಲ್: ಮುಂಗಾರು ಕರಾವಳಿಗೆ ಕಾಲಿರಿಸಿತೆಂದರೆ ಪಡೀಲ್ ಪರಿಸರದಲ್ಲಿ ಸಣ್ಣ ಪೆಟ್ರೋಲ್ ಎಂಜಿನ್‌ಗಳ ಸದ್ದು ಹೆಚ್ಚುತ್ತದೆ. ತಂತಿಯ ಮೇಲೆ ಮರ ಬಿದ್ದು ವಿದ್ಯುತ್ ಕಡಿತಗೊಂಡಾಗ ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಜನರೇಟರ್, ರೈಲ್ವೆ ಕೆಳಸೇತುವೆಯಂತಹ ತಗ್ಗು ಜಾಗಗಳಲ್ಲಿ ನೀರು ನಿಂತಾಗ ಪಂಪ್, ಹಿತ್ತಲಲ್ಲಿ ಕಳೆ ಕೊಚ್ಚುವ ಯಂತ್ರ, ನಗರದ ಅಂಚಿನಾಚೆಯ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವ ಪವರ್ ಸ್ಪ್ರೇಯರ್ ಹೀಗೆ ಅವುಗಳ ರೂಪ ಹಲವು. ಜಿಲ್ಲಾಧಿಕಾರಿ ಕಚೇರಿ ಸಂಕೀರ್ಣವು 2025ರಲ್ಲಿ ಪಡೀಲ್‌ನಲ್ಲಿ ಉದ್ಘಾಟನೆಗೊಂಡ ಬಳಿಕ ಈ ಪ್ರದೇಶಕ್ಕೆ ಬಂದುಹೋಗುವ ಜನರೂ ಹೆಚ್ಚಿದ್ದಾರೆ.

ಈ ಯಂತ್ರಗಳನ್ನು ನಡೆಸುವವರಲ್ಲಿ ಬಹುತೇಕರು ತರಬೇತಿ ಪಡೆದವರಲ್ಲ. ಅಂಗಡಿಯ ಹುಡುಗನೋ ಮನೆಯ ಹಿರಿಯರೋ ಹಗ್ಗ ಎಳೆದು ಚಾಲೂ ಮಾಡುತ್ತಾರೆ. ಕೆಲಸ ಮುಗಿದೊಡನೆ ಸ್ವಿಚ್ ಒತ್ತಿ ನಿಲ್ಲಿಸುತ್ತಾರೆ. ಆದರೆ ಬೆಂಕಿ, ವಿಷಾನಿಲ ಮತ್ತು ವಿದ್ಯುದಾಘಾತ ಎಂಬ ಮೂರು ಅಪಾಯಗಳು ಈ ಪುಟ್ಟ ಯಂತ್ರದ ಸುತ್ತಲೇ ಇವೆ ಎಂಬುದನ್ನು ಮರೆಯುವಂತಿಲ್ಲ.

ಪೆಟ್ರೋಲಿನ ಸ್ವಭಾವ

ಪೆಟ್ರೋಲ್ ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಹೊರಸೂಸುತ್ತದೆ. ಈ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಆದುದರಿಂದ ಅದು ಮೇಲೇರದೆ ನೆಲದಲ್ಲಿ ಹರಡಿ, ದೂರದ ಒಲೆಯನ್ನೋ ದೀಪವನ್ನೋ ತಲುಪಿ, ಅಲ್ಲಿಂದ ಬೆಂಕಿಯನ್ನು ಡಬ್ಬಿಯ ತನಕ ಎಳೆದು ತರಬಲ್ಲದು. ಗಾಳಿಯಲ್ಲಿ ಶೇ. 1.4ರಷ್ಟು ಪೆಟ್ರೋಲ್ ಆವಿ ಬೆರೆತರೂ ಕಿಡಿಯೊಂದು ಸಾಕು.

ಹೀಗಾಗಿ ಓಡುತ್ತಿರುವ ಅಥವಾ ಈಗಷ್ಟೇ ನಿಂತ ಎಂಜಿನ್‌ಗೆ ಪೆಟ್ರೋಲ್ ಸುರಿಯುವುದು ಸರ್ವಥಾ ಸಲ್ಲದು. ಸೈಲೆನ್ಸರ್ ತಣಿಯಲು ಕನಿಷ್ಠ ಹತ್ತು-ಹದಿನೈದು ನಿಮಿಷ ಬೇಕು. ಕತ್ತಲಾಯಿತೆಂದು ಮೇಣದ ಬತ್ತಿ ಹಿಡಿದು ಟ್ಯಾಂಕ್ ಇಣುಕಬಾರದು, ಟಾರ್ಚ್ ಬಳಸಬೇಕು. ಟ್ಯಾಂಕನ್ನು ಕಂಠಮಟ್ಟ ತುಂಬದೆ ಆವಿ ಹಿಗ್ಗಲು ಸ್ವಲ್ಪ ಜಾಗ ಬಿಡಬೇಕು. ಚೆಲ್ಲಿದ್ದನ್ನು ಒರೆಸಿ, ಆರಲು ಬಿಟ್ಟು, ಡಬ್ಬಿಯ ಮುಚ್ಚಳ ಬಿಗಿದು ದೂರವಿರಿಸಿ, ಯಂತ್ರವನ್ನೂ ತುಂಬಿದ ಜಾಗದಿಂದ ನಾಲ್ಕು ಹೆಜ್ಜೆ ಆಚೆಗೊಯ್ದು ಚಾಲೂ ಮಾಡುವುದು ಉತ್ತಮ.

ಹಗ್ಗಕ್ಕೆ ಕೈ ಹಾಕುವ ಮೊದಲು

ಎಂಜಿನ್ ಸಮತಟ್ಟಾದ ನೆಲದಲ್ಲಿರಬೇಕು. ಸಣ್ಣ ನಾಲ್ಕು ಸ್ಟ್ರೋಕ್ ಎಂಜಿನ್‌ಗಳಲ್ಲಿ ಅಡಿಯಲ್ಲಿರುವ ಆಯಿಲನ್ನು ಎರಚಿಯೇ ಒಳಭಾಗಗಳಿಗೆ ತಲುಪಿಸಲಾಗುತ್ತದೆ. ಯಂತ್ರ ಓರೆಯಾಗಿದ್ದರೆ ಆಯಿಲ್ ಒಂದು ಬದಿಗೆ ಸರಿದು ಪಿಸ್ಟನ್ ಒಣಗುತ್ತದೆ. ಆಯಿಲ್ ಮಟ್ಟವನ್ನು ಪ್ರತಿ ಬಾರಿಯೂ ನೋಡಬೇಕು.

ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಕಂಪನಿ 50:1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25:1 ಎಂದಿದ್ದರೆ 40 ಮಿಲಿಲೀಟರ್. ಬರಿಯ ಪೆಟ್ರೋಲ್ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿಯೇ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನೀರಿನ ಪಂಪ್ ಆದರೆ ಚಾಲೂ ಮಾಡುವ ಮೊದಲೇ ಅದರ ಹೊಟ್ಟೆಗೆ ನೀರು ತುಂಬಿಸಬೇಕು. ಒಣ ಪಂಪ್ ತಿರುಗಿದರೆ ಸೀಲ್ ಸುಟ್ಟುಹೋಗುತ್ತದೆ. ಜನರೇಟರ್ ಆದರೆ ಎಲ್ಲ ಲೋಡ್ ಆಫ್ ಆಗಿರಬೇಕು. ಕಳೆ ಕೊಚ್ಚುವ ಯಂತ್ರವಾದರೆ ಬ್ಲೇಡ್ ನೆಲಕ್ಕಾಗಲಿ ಕಲ್ಲಿಗಾಗಲಿ ತಾಗದಂತೆ ಮಲಗಿಸಿ, ಒಂದು ಕೈಯಲ್ಲಿ ಭದ್ರವಾಗಿ ಒತ್ತಿಹಿಡಿಯಬೇಕು. ಚೋಕ್ ಎಳೆದಿರುವಾಗ ಚಾಲೂ ಆದೊಡನೆ ಬ್ಲೇಡ್ ತಿರುಗುವ ಸಂಭವವಿದೆ.

ಚಾಲೂ ಮಾಡುವ ಕ್ರಮ

ಮೊದಲು ಪೆಟ್ರೋಲ್ ಕಾಕ್ ತೆರೆಯಬೇಕು. ಬಳಿಕ ಚೋಕ್ ಎಳೆದು, ಥ್ರಾಟಲ್ ಸ್ವಲ್ಪ ತೆರೆದು, ಸ್ವಿಚ್ ಆನ್ ಮಾಡಬೇಕು. ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಆ ಕೊರತೆ ತುಂಬಲು ಗಾಳಿಯನ್ನು ಕಡಿಮೆ ಮಾಡಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುವುದೇ ಚೋಕ್‌ನ ಕೆಲಸ. ಎಂಜಿನ್ ಈಗಾಗಲೇ ಬಿಸಿಯಿದ್ದರೆ ಚೋಕ್ ಬೇಡ.

ಹಗ್ಗವನ್ನು ಮೆಲ್ಲನೆ ಎಳೆಯುತ್ತಾ ಬಂದರೆ ಒಂದೆಡೆ ಬಿಗಿ ಎನಿಸುತ್ತದೆ. ಅಲ್ಲಿಂದ ಒಂದೇ ರಭಸದಲ್ಲಿ ಎಳೆಯಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಅಪಾಯಕರ. ಎಂಜಿನ್ ಹಿಮ್ಮುಖವಾಗಿ ಒದ್ದರೆ ಬೆರಳು, ಮಣಿಕಟ್ಟು ಮುರಿಯಬಹುದು. ಎಳೆದ ಹಗ್ಗವನ್ನು ಕೈಬಿಡದೆ ನಿಧಾನವಾಗಿ ಹಿಂದಕ್ಕೆ ಬಿಡಬೇಕು. ಎಂಜಿನ್ ಹಿಡಿದ ಮೇಲೆ ಚೋಕನ್ನು ಹಂತಹಂತವಾಗಿ ತೆಗೆದು, ಒಂದೆರಡು ನಿಮಿಷ ಬಿಸಿಯಾಗಲು ಬಿಟ್ಟು, ಬಳಿಕವೇ ಲೋಡ್ ಕೊಡಬೇಕು.

ಹತ್ತು ಬಾರಿ ಎಳೆದರೂ ಹಿಡಿಯದೆ ಪೆಟ್ರೋಲ್ ವಾಸನೆ ಬರತೊಡಗಿದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ. ಆಗ ಸ್ವಿಚ್ ಆಫ್ ಮಾಡಿ, ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ ಒರೆಸಿ ಒಣಗಿಸಬೇಕು. ಪ್ಲಗ್ ಇಲ್ಲದೆ ನಾಲ್ಕಾರು ಬಾರಿ ಹಗ್ಗ ಎಳೆದರೆ ಒಳಗಿನ ಪೆಟ್ರೋಲ್ ಹೊರಹೋಗುತ್ತದೆ. ಆ ವೇಳೆ ರಂಧ್ರದ ಬಳಿ ಕಿಡಿ ಪರೀಕ್ಷಿಸುವ ಸಾಹಸ ಬೇಡ. ಹೊರಚಿಮ್ಮುವ ಆವಿಗೆ ಬೆಂಕಿ ತಗಲುತ್ತದೆ.

ಕಾಣದ ವಿಷ

ಪೆಟ್ರೋಲ್ ಎಂಜಿನ್‌ನ ಹೊಗೆಯಲ್ಲಿ ಇಂಗಾಲದ ಮೊನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಈ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 1,200 ಭಾಗ ಇದ್ದರೂ ಜೀವಕ್ಕೆ ತಕ್ಷಣದ ಅಪಾಯ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಮತ್ತೆ ಕೈಕಾಲು ಸೋಲುತ್ತದೆ. ಓಡಿಹೋಗಬೇಕೆಂದು ತಿಳಿಯುವ ಹೊತ್ತಿಗೆ ಓಡುವ ಶಕ್ತಿ ಉಳಿದಿರುವುದಿಲ್ಲ.

ಮಳೆಗೆ ನೆನೆಯುತ್ತದೆಂದು ಜನರೇಟರನ್ನು ಅಂಗಡಿಯೊಳಗೆ, ಅರ್ಧ ಶಟರ್ ಎಳೆದ ಗೋದಾಮಿನಲ್ಲಿ ಅಥವಾ ಮನೆಯ ಜಗಲಿಯಲ್ಲಿ ಇರಿಸುವುದು ಈ ಕಾರಣಕ್ಕೆ ಮಾರಕ. ಕಿಟಕಿ ತೆರೆದಿಟ್ಟರೆ ಸಾಕು ಎಂಬುದು ತಪ್ಪು ತಿಳಿವಳಿಕೆ. ಯಂತ್ರವನ್ನು ಬಾಗಿಲು-ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಮೇಲೆ ಮಾತ್ರ ಮಾಡು ಇದ್ದು ನಾಲ್ಕೂ ಬದಿ ತೆರೆದಿರುವಲ್ಲಿ, ಹೊಗೆಕೊಳವೆ ಕಟ್ಟಡಕ್ಕೆ ಬೆನ್ನು ಮಾಡಿರುವಂತೆ ಇರಿಸಬೇಕು.

ಕರಾವಳಿಯಲ್ಲಿ ಇದಕ್ಕಿಂತಲೂ ಘೋರವಾದ ಸಂದರ್ಭ ಬಾವಿಯದು. ಬೇಸಿಗೆಯ ಕೊನೆಗೆ ಬಾವಿಯ ಕೆಸರು ತೆಗೆಸುವುದು ಇಲ್ಲಿನ ವಾಡಿಕೆ. ಮೇಲಿಟ್ಟ ಪಂಪ್ ನೀರನ್ನು ಎಳೆಯುವುದು ವಾತಾವರಣದ ಒತ್ತಡದ ಬಲದಿಂದ. ಲೆಕ್ಕದ ಪ್ರಕಾರ ಅದರ ಮಿತಿ ಸುಮಾರು 10 ಮೀಟರ್. ವಾಸ್ತವದಲ್ಲಿ ಏಳು-ಎಂಟು ಮೀಟರ್ ಮಾತ್ರ. ನೀರು ಅದಕ್ಕಿಂತ ಆಳದಲ್ಲಿದ್ದಾಗ ಎಂಜಿನನ್ನೇ ಹಗ್ಗ ಕಟ್ಟಿ ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸುವ ಯೋಚನೆ ಬರುತ್ತದೆ. ಬಾವಿಯೊಳಗೆ ಗಾಳಿಯಾಟವಿಲ್ಲ. ಹೊಗೆ ಅಲ್ಲಿಯೇ ತುಂಬುತ್ತದೆ. ಎಂಜಿನ್ ನಿಂತ ಮೇಲೂ ಬಹಳ ಹೊತ್ತು ಉಳಿಯುತ್ತದೆ. ಕೆಳಗಿಳಿದವನು ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ.

ಬಾವಿಗೆ ಇಳಿಯುವ ಮೊದಲು ಉರಿಯುವ ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯೊಂದಿದೆ. ಆಮ್ಲಜನಕ ಕಡಿಮೆಯಿದ್ದರೆ ದೀಪ ಆರುತ್ತದೆ ಎಂಬುದು ನಿಜ. ಆದರೆ ಪ್ರಾಣ ತೆಗೆಯುವಷ್ಟು ಮೊನಾಕ್ಸೈಡ್ ಇದ್ದರೂ ದೀಪ ಆರದೆ ಉರಿಯುತ್ತಲೇ ಇರಬಹುದು. ಆದ್ದರಿಂದ ಎಂಜಿನ್ ಓಡಿದ ಬಾವಿಗೆ ದೀಪದ ಪರೀಕ್ಷೆ ನಂಬಲರ್ಹವಲ್ಲ. ಆಳದ ಬಾವಿಗೆ ವಿದ್ಯುತ್ ಸಬ್‌ಮರ್ಸಿಬಲ್ ಪಂಪ್ ಇಳಿಸುವುದೇ ಸರಿಯಾದ ದಾರಿ. ಅದನ್ನು ಜನರೇಟರ್‌ನಿಂದ ನಡೆಸುವುದಾದರೆ ಜನರೇಟರ್ ಬಾವಿಕಟ್ಟೆಯಿಂದ ದೂರವಿರಲಿ. ನೀರಿನಲ್ಲಿ ಜನರಿರುವಾಗ ಪಂಪ್ ಆಫ್ ಆಗಿರಲಿ.

ತಂತಿಯಲ್ಲಿ ಹಿಂದಕ್ಕೆ ಹರಿಯುವ ವಿದ್ಯುತ್

ಜನರೇಟರ್‌ನ ವಯರನ್ನು ಗೋಡೆಯ ಸಾಕೆಟ್‌ಗೇ ಚುಚ್ಚಿ ಮನೆಯೆಲ್ಲ ಬೆಳಗಿಸುವ ಉಪಾಯ ಕೆಲವೆಡೆ ಚಾಲ್ತಿಯಲ್ಲಿದೆ. ಮುಖ್ಯ ಸ್ವಿಚ್ ಆಫ್ ಮಾಡಲು ಮರೆತರೆ ಆ 230 ವೋಲ್ಟ್ ವಿದ್ಯುತ್ ಕಂಬದ ಕಡೆಗೆ ಹರಿದು, ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಮ್ಮುಖವಾಗಿ ಏರಿ 11,000 ವೋಲ್ಟ್ ಆಗಬಲ್ಲದು. ಬಿದ್ದ ತಂತಿ ಜೋಡಿಸಲು ಮಳೆಯಲ್ಲಿ ಕಂಬವೇರಿದ ಮೆಸ್ಕಾಂ ಸಿಬ್ಬಂದಿಯ ಪ್ರಾಣ ಇದರಿಂದ ಹೋಗಬಹುದು. ಎರಡೂ ಮೂಲಗಳು ಏಕಕಾಲಕ್ಕೆ ಸೇರದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಿಗೆ ಹೊಂದಿದ ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿಕೊಳ್ಳುವುದೊಂದೇ ಪರಿಹಾರ.

ನಿಲ್ಲಿಸುವ ಕ್ರಮ

ಮೊದಲು ಲೋಡ್ ತೆಗೆಯಬೇಕು. ಬಳಿಕ ಥ್ರಾಟಲ್ ಇಳಿಸಿ ಎರಡು-ಮೂರು ನಿಮಿಷ ಬರಿದೆ ಓಡಲು ಬಿಡಬೇಕು. ಸಣ್ಣ ಎಂಜಿನ್‌ಗಳನ್ನು ತಣಿಸುವುದು ಫ್ಲೈವೀಲ್‌ಗೆ ಜೋಡಿಸಿದ ಫ್ಯಾನ್. ಎಂಜಿನ್ ನಿಂತರೆ ಫ್ಯಾನೂ ನಿಲ್ಲುತ್ತದೆ. ಪೂರ್ಣ ಲೋಡ್‌ನಲ್ಲಿದ್ದಾಗ ಹಠಾತ್ತನೆ ನಿಲ್ಲಿಸಿದರೆ ಶಾಖ ಒಳಗೇ ಸಿಕ್ಕಿಕೊಂಡು ಸಿಲಿಂಡರ್, ವಾಲ್ವ್‌ಗಳಿಗೆ ಹಾನಿ. ಆಮೇಲೆ ಸ್ವಿಚ್ ಆಫ್ ಮಾಡಿ, ಕೊನೆಗೆ ಪೆಟ್ರೋಲ್ ಕಾಕ್ ಮುಚ್ಚಬೇಕು. ಕಾಕ್ ತೆರೆದೇ ಇದ್ದರೆ ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ಸೋರಿ ಹೊರಚೆಲ್ಲಬಹುದು, ಇಲ್ಲವೇ ಆಯಿಲ್‌ಗೆ ಬೆರೆತು ಅದನ್ನು ತೆಳುವಾಗಿಸಬಹುದು.

ಆಪತ್ತಿನಲ್ಲಿ ಕ್ರಮ ನೋಡಬೇಕಾಗಿಲ್ಲ. ನೇರವಾಗಿ ಸ್ವಿಚ್ ಆಫ್ ಮಾಡಬೇಕು. ಸ್ವಿಚ್ ಕೆಲಸ ಮಾಡದಿದ್ದರೆ ಚೋಕ್ ಪೂರ್ತಿ ಎಳೆದು ಉಸಿರು ಕಟ್ಟಿಸಬಹುದು, ಕಾಕ್ ಮುಚ್ಚಬಹುದು. ಓಡುತ್ತಿರುವಾಗ ಪ್ಲಗ್‌ನ ಟೋಪಿ ಕೀಳಬಾರದು; ಅಲ್ಲಿರುವುದು ಸಾವಿರಾರು ವೋಲ್ಟ್‌ಗಳ ವಿದ್ಯುತ್.

ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿಯೂ ಹಳೆಯ ಸೀಮೆಎಣ್ಣೆ ಜನರೇಟರ್‌ಗಳಲ್ಲಿಯೂ ಚಾಲೂ ಮಾಡುವುದು ಪೆಟ್ರೋಲಿನಲ್ಲಿ, ಬಿಸಿಯಾದ ಮೇಲೆ ಓಡಿಸುವುದು ಸೀಮೆಎಣ್ಣೆಯಲ್ಲಿ. ಇವುಗಳನ್ನು ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಇಲ್ಲವಾದರೆ ಕಾರ್ಬ್ಯುರೇಟರ್‌ನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಎಂಜಿನ್ ಹಿಡಿಯದು.

ಮಳೆಗಾಲದ ಶೇಖರಣೆ

ಶೇ. 20 ಎಥನಾಲ್ ಬೆರೆತ ಪೆಟ್ರೋಲ್ 2023ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಗೊಂಡು ಈಗ ಎಲ್ಲೆಡೆ ಬಳಕೆಯಲ್ಲಿದೆ. ಎಥನಾಲ್ ತೇವವನ್ನು ಹೀರುವ ಗುಣವುಳ್ಳದ್ದು. ಕರಾವಳಿಯ ಮಳೆಗಾಲದ ಹವೆಯಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಪೆಟ್ರೋಲ್ ನೀರು ಹೀರಿಕೊಂಡು ಕೆಡಬಹುದು. ಹಳೆಯ ಯಂತ್ರಗಳ ರಬ್ಬರ್ ಭಾಗಗಳೂ ಬೇಗ ಹಾಳಾಗಬಹುದು. ಕೆಲವು ವಾರ ಬಳಸುವುದಿಲ್ಲವೆಂದಾದರೆ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಕಾರ್ಬ್ಯುರೇಟರ್ ಬರಿದು ಮಾಡಬೇಕು. ಟ್ಯಾಂಕಿನಲ್ಲಿ ಉಳಿದುದನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ತೆಗೆದು, ಅಡುಗೆಮನೆಯಿಂದ ದೂರವಿಡಬೇಕು.

ಹೊಗೆಯಿಂದ ಯಾರಾದರೂ ಕುಸಿದರೆ ಎಂಜಿನ್ ನಿಲ್ಲಿಸಿ, ಅವರನ್ನು ತೆರೆದ ಗಾಳಿಗೆ ತಂದು 108ಕ್ಕೆ ಕರೆ ಮಾಡಬೇಕು. ಬಾವಿಯಲ್ಲಾದರೆ ತಾವಾಗಿ ಇಳಿಯದೆ ಅಗ್ನಿಶಾಮಕ ದಳಕ್ಕೆ ತಿಳಿಸಬೇಕು. ಅದರ ಸಂಖ್ಯೆ 101, ಸಾಮಾನ್ಯ ತುರ್ತು ಸಂಖ್ಯೆ 112. ತಂತಿ ಬಿದ್ದಿದ್ದರೆ 1912ಕ್ಕೆ ತಿಳಿಸಬಹುದು. ಈ ನಾಲ್ಕು ಸಂಖ್ಯೆಗಳನ್ನು ಜನರೇಟರ್‌ನ ಬಳಿಯೇ ಬರೆದಿರಿಸುವುದು ಒಳ್ಳೆಯದು.